ಮೇಷ್ಟ್ರ ಮಂಡಿ, ಪಾರ್ಕಿನ ಬೋರ್ಡು, ದಿನಕ್ಕೊಂದು ಮರೆತ ಪದ

ಮಳೆ ಬಂದು ಪಾರ್ಕಿನ ಬೋರ್ಡಿನ ಮೇಲೆ ಬರೆದದ್ದೆಲ್ಲ ಅಳಿಸಿಹೋಗಬಹುದಿತ್ತು. ನನಗೆ ಒಂದು ದಿನ ಹೊತ್ತಿಗೆ ಸರಿಯಾಗಿ ಎಚ್ಚರವಾಗದೇ ಇರಬಹುದಿತ್ತು. ಆವತ್ತೇ ನಡಿಗೆದಾರರ ಸಂಘದ ಅಧ್ಯಕ್ಷರು ಎಲ್ಲರಿಗಿಂತ ಮೊದಲು ಪಾರ್ಕಿಗೆ ಬಂದಿರಬಹುದಿತ್ತು. ನನಗೆ ಡೆಂಗಿ ಬರಬಹುದಿತ್ತು. ಮೇಷ್ಟ್ರ ನೋಟ್‌ಬುಕ್ಕನ್ನು ನನ್ನ ಹೆಂಡತಿ ಹಳೇ ಪೇಪರಿನ ಜೊತೆ ಸೇರಿಸಿ ತೂಕಕ್ಕೆ ಹಾಕಿಬಿಡಬಹುದಿತ್ತು. ನಾನು ಬರೆದ ಇಂಗ್ಲಿಷ್ ಪದ ತಮಿಳಿನಲ್ಲೋ ತೆಲುಗಿನಲ್ಲೋ ಕೆಟ್ಟ ಬೈಗುಳವಾಗಿದ್ದು, ಓದಿದ ಯಾರೋ ನನ್ನ ಕಾಲರ್ ಹಿಡಿಯಬಹುದಿತ್ತು. ಇಂಗ್ಲಿಷನ್ನು ನಿಜವಾಗಿ ಬಲ್ಲವರೊಬ್ಬರು ಮಗಳ ಮನೆಗೆಂದು ನಮ್ಮ ಬಡಾವಣೆಗೆ ಬಂದು, ಬೆಳಿಗ್ಗೆ ವಾಕಿಂಗಿಗೆ ಹೊರಟು, ಬೋರ್ಡಿನ ಮುಂದೆ ನಿಂತು, ತಪ್ಪು ಎಂಬಂತೆ ಒಂದು ಸಲ ತಲೆಯಾಡಿಸಿ ಹೋಗಬಹುದಿತ್ತು. ಬೋರ್ಡಿನ ಮೇಲಿನ ಹೊಂಗೆ ಮರದ ಕೊಂಬೆ ಮುರಿದು ಬೋರ್ಡಿನ ಮೇಲೋ, ಅದರ ಮುಂದೆ ನಿಂತ ನನ್ನ ಮೇಲೋ ಬೀಳಬಹುದಿತ್ತು. ನನ್ನ ಮೇಲೆ ಬಿದ್ದಿದ್ದರೆ ಅದರ ಕ್ಲೇಮ್ ಅರ್ಜಿ ತಿರುಗಿ ನನ್ನ ಟೇಬಲ್ಲಿಗೇ ಬರುತ್ತಿತ್ತು.

ಯಾಕೆಂದರೆ ನಾನು ಇರುವುದು ಒಂದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ. ರಾಜಾಜಿನಗರದ ನಮ್ಮ ಶಾಖೆಯ ಎರಡನೇ ಮಹಡಿಯಲ್ಲಿ ಕೂತು, ಲೋಕದಲ್ಲಿ ಏನೇನು ಕೆಡುತ್ತದೆ ಎಂಬುದನ್ನು ದಿನವಿಡೀ ಮೂರು ಪ್ರತಿಗಳಲ್ಲಿ ಓದುವುದು ನನ್ನ ಉದ್ಯೋಗ. ಗೀಸರು ಸಿಡಿದದ್ದು, ಕಾಂಪೌಂಡು ಕುಸಿದದ್ದು, ನಿಂತ ಕಾರಿನ ಮೇಲೆ ತೆಂಗಿನಕಾಯಿ ಬಿದ್ದದ್ದು. ಇಷ್ಟು ವರ್ಷ ಇದನ್ನೇ ಓದಿದವನು ಧೈರ್ಯವಂತನಾಗಿ ಉಳಿಯುವುದು ಹೇಗೆ? ತೆಂಗಿನ ಮರದ ಕೆಳಗೆ ನಾನು ಓಡುತ್ತೇನೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬೀದಿಯ ಕೊನೆಯಿಂದ ವಾಪಸು ಬರುತ್ತೇನೆ. ಮಾಡಿರುತ್ತೇನೆ.

ಇಂಥವನ ಕೈಗೆ ಮೇಷ್ಟ್ರು ತಮ್ಮ ಬೋರ್ಡನ್ನು ಕೊಟ್ಟರು.

ಬಸವೇಶ್ವರನಗರದ ನಮ್ಮ ಪಾರ್ಕಿನ ಮುಂದಿನ ಗೇಟಿನ ಒಳಗೆ, ಎಡಕ್ಕೆ, ಒಂದು ಕರಿ ಹಲಗೆ ಇದೆ. ಬೇರೆ ಪಾರ್ಕುಗಳಲ್ಲಿ ಇಂಥ ಹಲಗೆಯ ಮೇಲೆ ಸುಭಾಷಿತ ಬರೆಯುತ್ತಾರೆ. ನಮ್ಮಲ್ಲಿ ಹನ್ನೊಂದು ವರ್ಷದಿಂದ ಇಂಗ್ಲಿಷಿನ ಮರೆತುಹೋದ ಪದಗಳು. ಇಂಗ್ಲಿಷರೇ ಬಳಸುವುದನ್ನು ಬಿಟ್ಟ, ದೊಡ್ಡ ಡಿಕ್ಷನರಿಗಳ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದ ಪದಗಳು. ದಿನಕ್ಕೊಂದು ಪದ, ಪಕ್ಕದಲ್ಲಿ ಅದರ ಉಚ್ಚಾರ, ಕೆಳಗೆ ಕನ್ನಡದಲ್ಲಿ ಅರ್ಥ. ಬರೆಯುವವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರದೊಂದು ನಿಯಮ: ಬರೆದ ಪದವನ್ನು ವಾಕಿಂಗ್ ಮುಗಿದು ಕಾಫಿ ಆಗುವುದರೊಳಗೆ ಮೂರು ಜನವಾದರೂ ಮಾತಿನಲ್ಲಿ ಬಳಸಬೇಕು. ಬಳಸಿದರೆ ನೋಟ್‌ಬುಕ್ಕಿನಲ್ಲಿ ಆ ಪದದ ಮುಂದೆ ಟಿಕ್. ಇಲ್ಲದಿದ್ದರೆ ಒಂದು ಗೆರೆ ಎಳೆದು, "ಪಾಪ, ಎರಡನೇ ಸಲ ಸತ್ತುಹೋಯ್ತು" ಎನ್ನುತ್ತಿದ್ದರು.

ಆ ಮೇಷ್ಟ್ರಿಗೆ ಮಂಡಿ ಆಪರೇಷನ್ ಎಂದಾಯಿತು. ಮೊದಲು ಎಡಗಾಲು, ಮೂರು ವಾರ ಬಿಟ್ಟು ಬಲಗಾಲು. ಒಟ್ಟು ಆರು ವಾರ ಪಾರ್ಕಿಗೆ ಬರುವಂತಿಲ್ಲ.

ತೊಂದರೆ ಇದ್ದದ್ದು ಅಲ್ಲೇ. ನಮ್ಮ ನಡಿಗೆದಾರರ ಸಂಘಕ್ಕೆ ಹೊಸದಾಗಿ ಅಧ್ಯಕ್ಷರಾದವರಿಗೆ ಬೋರ್ಡಿನ ಜಾಗದಲ್ಲಿ ಎಲ್‌ಇಡಿ ಹಲಗೆ ಹಾಕಿಸುವ ಆಸೆ. ಕೆಂಪು ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತವಲ್ಲ, ಅಂಥದ್ದು. ಅಧ್ಯಕ್ಷರು ಕೆಟ್ಟವರೇನಲ್ಲ. ಈ ಬಡಾವಣೆ ಹೊಲವಾಗಿದ್ದಾಗ ಅದರಲ್ಲಿ ಉಳುತ್ತಿದ್ದವರ ಮನೆಯವರು. ಪಾರ್ಕಿನ ಬೆಂಚು, ನೀರಿನ ನಲ್ಲಿ ಎಲ್ಲ ಅವರು ಓಡಾಡಿಯೇ ಮಾಡಿಸಿದ್ದು. ಸಂಘದ ಸಭೆಯಲ್ಲಿ ಅವರು ಹೇಳಿದ್ದು ಇಷ್ಟೇ: "ಮೇಷ್ಟ್ರ ಮೇಲೆ ನಂಗೂ ಗೌರವ ಐತೆ. ದಿನಾ ಬರೀತಾರೆ, ಬರೀಲಿ. ಅವ್ರು ವಾಪಸ್ ಬರೋವರ್ಗೂ ಯಾರಾದ್ರೂ ಬರೀರಿ. ಆದ್ರೆ ಒಂದೇ ಒಂದಿನ ಬೋರ್ಡು ಖಾಲಿ ಬಿತ್ತು ಅಂದ್ರೆ ಆವತ್ತಿಗೆ ಎಲ್‌ಇಡಿ. ಏನಂತೀರಾ?" ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ನನಗೇನು ಗೊತ್ತಿತ್ತು?

ಮರುದಿನ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಒಂದು ನೋಟ್‌ಬುಕ್ಕನ್ನೂ ಚಾಕ್‌ಪೀಸಿನ ಒಂದು ರಟ್ಟಿನ ಡಬ್ಬಿಯನ್ನೂ ಕೈಗಿಟ್ಟರು.

"ನಲವತ್ತೆರಡು ದಿನ ಕಣಯ್ಯ. ನಲವತ್ತೆರಡು ಪದ ಬರ್ದಿಟ್ಟಿದೀನಿ. ನೀನು ಬರೀ ಕಾಪಿ ಹೊಡೀಬೇಕು."

"ನಾನ್ಯಾಕೆ ಸಾರ್? ನಮ್ ಜೊತೆ ವಾಕ್ ಮಾಡೋ ರೈಲ್ವೇಯೋರು ಇದಾರೆ, ಅವ್ರ ಕೈಬರಹ ಮುತ್ತು ಪೋಣಿಸಿದ ಹಾಗಿದೆ."

"ಅವ್ನಿಗೆ ಧೈರ್ಯ ಜಾಸ್ತಿ. ಧೈರ್ಯ ಇರೋನು ಒಂದಿನ ಮರೀತಾನೆ. ನೀನು ಪುಕ್ಕಲ. ನೀನು ಮರೆಯಲ್ಲ."

ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ನಾನು ಡಬ್ಬಿಯನ್ನು ನೋಡುತ್ತ ಕೂತೆ. ಮೇಷ್ಟ್ರು ಎರಡೂ ಮಂಡಿಗಳನ್ನು ಅಂಗೈಯಿಂದ ತೀಡಿಕೊಳ್ಳುತ್ತ ಹೇಳಿದರು: "ಬೋರ್ಡು ಹೋದ್ರೆ ನಾನು ಈ ಮಂಡಿ ಯಾಕಯ್ಯಾ ರಿಪೇರಿ ಮಾಡಿಸ್ಕೋಬೇಕು? ಮನೇಲಿ ಕೂತು ಟೀವಿ ನೋಡೋಕೆ ಇರೋ ಮಂಡಿನೇ ಸಾಕಲ್ಲ."

ಅದನ್ನು ಅವರು ನಗುತ್ತಲೇ ಹೇಳಿದ್ದು. ನಾನು ಮಾತ್ರ ಮನೆಗೆ ಹೋಗುವ ದಾರಿಯಲ್ಲೇ ನೋಟ್‌ಬುಕ್ಕಿನ ಪದಗಳನ್ನು ಎರಡು ಸಲ ಎಣಿಸಿದೆ.

ಆಮೇಲೆ ಮೊದಲ ಪದ ನೋಡಿದೆ. 'ಉಹ್ತ್‌ಚಾರೆ'. ಬಾಯಲ್ಲಿ ಬಿಸಿ ಆಂಬೊಡೆ ಇಟ್ಟುಕೊಂಡು ಹೇಳಬೇಕಾದಂಥ ಪದ. ಸಾವಿರ ವರ್ಷದ ಹಿಂದಿನ ಇಂಗ್ಲಿಷಂತೆ. ಅರ್ಥ: 'ಬೆಳಕು ಹರಿಯುವ ಮೊದಲೇ ಎಚ್ಚರವಾಗಿ, ಮಲಗಿದಲ್ಲೇ ಚಿಂತೆ ಮಾಡುವುದು.' ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ, 'ಇದು ನಿನಗೇ' ಎಂದು ಬರೆದಿದ್ದರು.

ನನ್ನ ಹೆಂಡತಿಗೆ ತೋರಿಸಿದೆ. ಅವಳು ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯದೆ, "ಸದ್ಯ, ನಿಮ್ ಕಾಯ್ಲೆಗೆ ಒಂದು ಹೆಸ್ರು ಸಿಕ್ತಲ್ಲ. ಇನ್ಮೇಲೆ ಮಾತ್ರೆನೂ ಸಿಗುತ್ತೆ ಬಿಡಿ" ಎಂದಳು.

ಹೀಗೆ ಶುರುವಾಯಿತು. ಐದು ಮುಕ್ಕಾಲಿಗೆ ಪಾರ್ಕು, ಆರಕ್ಕೆ ಬೋರ್ಡು, ಆರೂಕಾಲಿಗೆ ಬೋರ್ಡಿನ ಫೋಟೋ ಮೇಷ್ಟ್ರ ವಾಟ್ಸಾಪಿಗೆ. ಹಾಸಿಗೆಯಲ್ಲಿದ್ದ ಮೇಷ್ಟ್ರಿಂದ ಒಂದು ಟಿಕ್ ಗುರುತು ವಾಪಸು ಬರುತ್ತಿತ್ತು. ಕೆಲವೊಮ್ಮೆ 'ಗೆರೆ ಸೊಟ್ಟ' ಎಂದು ಬರುತ್ತಿತ್ತು. ಆ ಭಯಕ್ಕೆ ನಾನು ಬರೆಯುವುದು, ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡುವುದು, ಅಳಿಸುವುದು, ಮತ್ತೆ ಬರೆಯುವುದು. ಒಂದು ಪದಕ್ಕೆ ಮೂರು ಸಲವಾದರೂ. ಮಳೆಗಾಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಸ್ಕೂಟರಿನ ಸೀಟಿನ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ, ನಾಲ್ಕು ಬಟ್ಟೆ ಕ್ಲಿಪ್ಪು, ಹಗ್ಗ, ಛತ್ರಿ. ಅದು ನನಗೊಬ್ಬನಿಗೇ ಬೇಕಾದೀತೆಂದು ಬೋರ್ಡಿಗೊಂದು ಬೇರೆ ಛತ್ರಿ.

ಪದಗಳನ್ನು ಓಡಾಡಿಸುವ ಕೆಲಸ ನನ್ನದಾಗಿರಲಿಲ್ಲ, ಪುಣ್ಯಕ್ಕೆ. ಅದನ್ನು ವಾಕಿಂಗಿನವರು ನೋಡಿಕೊಂಡರು. 'ಗ್ರೋಕ್' ಎಂಬ ಪದ ಬರೆದ ದಿನ ನೆನಪಿದೆ. ಯಾರಾದರೂ ತಿನ್ನುವಾಗ, ನಮಗೂ ಒಂಚೂರು ಕೊಟ್ಟಾರೇ ಎಂಬ ಆಸೆಯಿಂದ ದಿಟ್ಟಿಸುವುದು. ಇಡ್ಲಿ ಹೋಟೆಲಿನ ಮುಂದೆ ರೈಲ್ವೇಯವರು ತಟ್ಟೆ ಹಿಡಿದು, "ನೋಡ್ರೀ ಆ ಕೆಂದ ನಾಯಿ ಹೆಂಗೆ ಗ್ರೋಕ್ ಮಾಡ್ತಾ ಇದೆ" ಎಂದರು. ಒಂದಾಯಿತು. "ನಾಯಿ ಏನ್ ಬಂತು, ನೀವೂ ನನ್ ವಡೆನ ಆಗ್ಲಿಂದ ಗ್ರೋಕ್ ಮಾಡ್ತಾ ಇದೀರಿ" ಎಂದು ಅವರ ಪಕ್ಕದವರು. ಎರಡು. ಮೂರನೆಯದು ಗೇಟಿನಲ್ಲಿ ಬೂದುಗುಂಬಳಕಾಯಿ ಜ್ಯೂಸು ಮಾರುವ ಆಂಟಿಯಿಂದ ಬಂತು. ಆಕೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ದಿನಾ ನನ್ನನ್ನು ಕರೆದು, "ಸಾರ್, ಇವತ್ತೇನು ಪದ?" ಎಂದು ಕೇಳಿ, ಅರ್ಥ ತಿಳಿದುಕೊಂಡೇ ಲೋಟ ಕೊಡುವವರು. ಆವತ್ತು ಸ್ವಲ್ಪ ಯೋಚಿಸಿ, "ಓ, ಕುಡಿಯಲ್ಲ, ಏನಿಲ್ಲ, ಬಂದು ಎಲ್ಲಾ ಬಾಟ್ಲಿನೂ ನೋಡ್ಕೊಂಡು ನಿಂತ್ಕೋತಾರಲ್ಲ, ಅವ್ರು ಮಾಡೋದೂ ಗ್ರೋಕೇ ಅಲ್ವಾ ಸಾರ್?" ಎಂದರು. ನಾನು ಲೋಟ ಕೆಳಗಿಟ್ಟು ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದೆ.

ರಾಜ್ಯೋತ್ಸವದ ಬೆಳಿಗ್ಗೆ ಮಾತ್ರ ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಬಾವುಟ ಹಾರಿಸಲು ಎಲ್ಲರೂ ಸೇರಿದ್ದರು. ಹಳದಿ ಕೆಂಪು ಶಾಲು ಹೊದ್ದ ನಿವೃತ್ತ ಇಂಜಿನಿಯರೊಬ್ಬರು ಬೋರ್ಡಿನ ಕಡೆ ಬೆರಳು ತೋರಿಸಿದರು. "ಇದೇನ್ರೀ ಇದು? ಕನ್ನಡದ ಹಬ್ಬದ ದಿನ ಇಂಗ್ಲಿಷ್ ಬೋರ್ಡು! ಮೊದ್ಲು ಅಳಿಸ್ರೀ."

"ಅದೇ ನಾನೂ ಹೇಳೋದು" ಎಂದರು ಅಧ್ಯಕ್ಷರು.

ಅಳಿಸಿದರೆ ಖಾಲಿ. ಖಾಲಿಯಾದರೆ ಎಲ್‌ಇಡಿ. ನನಗೆ ಮೇಷ್ಟ್ರ ಬಲಮಂಡಿ ಕಣ್ಣಿಗೆ ಕಟ್ಟಿತು. ಅದಿನ್ನೂ ಆಪರೇಷನ್ ಆಗಬೇಕಿತ್ತು. ಡಸ್ಟರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. "ಸಾರ್, ಒಂದು ಸಲ ಓದ್ಬಿಡಿ. ಆಮೇಲೆ ನಾನೇ ಅಳಿಸ್ತೀನಿ" ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಹೊತ್ತು ಕಳೆಯಲಿ ಎಂದು ಹೇಳಿದ್ದು.

ಇಂಜಿನಿಯರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. "ಓವರ್‌ಮಾರೊ. ನಾಡಿದ್ದು. ಈ ಪದ ಈಗ ಇಂಗ್ಲಿಷರ ಬಳಕೆಯಲ್ಲಿಲ್ಲ." ಅಲ್ಲಿಗೆ ನಿಲ್ಲಿಸಿದರು. "ಬಳಕೆಯಲ್ಲಿಲ್ವಾ? ಮತ್ತೆ ನಾಡಿದ್ದಿಗೆ ಅವ್ರು ಏನಂತಾರೆ?"

"ದ ಡೇ ಆಫ್ಟರ್ ಟುಮಾರೊ ಅಂತಾರೆ ಸಾರ್."

ಅವರು ಬೆರಳು ಮಡಚಿ ಎಣಿಸಿದರು. "ನಾಲ್ಕು ಪದ! ಒಂದು ನಾಡಿದ್ದಿಗೆ ನಾಲ್ಕು ಪದ! ಇದ್ದಿದ್ದನ್ನೂ ಕಳ್ಕೊಂಡು ಕೂತ್ರಾ? ಮೊನ್ನೆಗೆ?"

"ಅದಕ್ಕೂ ಒಂದಿತ್ತು ಸಾರ್. ಅದೂ ಹೋಯ್ತು."

"ಆಚೆನಾಡಿದ್ದು?"

"ಅದಕ್ಕೆ ಏನೂ ಇದ್ದ ಹಾಗಿಲ್ಲ."

ಗುಂಪಿನಲ್ಲಿ ಒಂದು ರೀತಿಯ ಮರುಕ ಹರಡಿತು. ಜ್ಯೂಸಿನ ಆಂಟಿ, "ಅಯ್ಯೋ ಪಾಪ, ಮತ್ತೆ ಚೀಟಿ ಕಂತು, ಬಟ್ಟೆ ಹೊಲ್ಯೋರ ಹತ್ರ ವಾಯಿದೆ ಎಲ್ಲಾ ಹೆಂಗೆ ಹೇಳ್ತಾರೆ?" ಎಂದು ಕೇಳಿದರು. ಇಂಜಿನಿಯರು ಶಾಲನ್ನು ಹೆಗಲ ಮೇಲೆ ಎಳೆದುಕೊಂಡು, "ಬೇಡ, ಅಳಿಸ್ಬೇಡಿ. ಇದು ಇವತ್ತು ಇರ್ಲೇಬೇಕು. ಎಲ್ರೂ ಓದ್ಲಿ" ಎಂದು ಅಪ್ಪಣೆ ಕೊಟ್ಟರು. ಆಮೇಲೆ ಅವರೇ ಮೊಬೈಲಿನಲ್ಲಿ ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನವೆಂಬರ್ ಒಂದಕ್ಕೆ ಸರಿಯಾಗಿ ಆ ಪದ ಬಂದು ಕೂತದ್ದು ಕಾಕತಾಳೀಯವೋ ಮೇಷ್ಟ್ರ ಕಿತಾಪತಿಯೋ ಎಂದು ನಾನು ಇವತ್ತಿಗೂ ಕೇಳಿಲ್ಲ. ಕೇಳಿದರೆ ಅವರು ಮೀಸೆಯಲ್ಲೇ ನಗುತ್ತಾರೆ, ಅಷ್ಟೇ.

ನವೆಂಬರ್ ಮೂರನೇ ವಾರದ ಹೊತ್ತಿಗೆ ಹೊಸ ಕಷ್ಟ ಶುರುವಾಯಿತು. ಮೇಷ್ಟ್ರ ಶುಗರ್ ಏರಿ ಬಲಗಾಲಿನ ಆಪರೇಷನ್ನು ಮೂರು ವಾರ ಮುಂದಕ್ಕೆ ಹೋಗಿತ್ತು. ಆರು ವಾರ ಒಂಬತ್ತಾಯಿತು. ಪದಗಳು ಮಾತ್ರ ನಲವತ್ತೆರಡೇ. ಫೋನ್ ಮಾಡಿದೆ.

"ಸಾರ್, ನೋಟ್‌ಬುಕ್ ಮುಗೀತು."

"ಮುಗೀತಾ? ನೀನೇ ಹುಡ್ಕು." ನೋವಿನ ಮಾತ್ರೆಯ ಮಂಪರಿನಲ್ಲಿ ಇದ್ದರು. "ಮೂರು ಜನ ಆಡೋ ಪದ ಆಗ್ಬೇಕು ಅಷ್ಟೇ. ಮ್ಯೂಸಿಯಮ್ ಸಾಮಾನು ತರ್ಬೇಡ."

ನಾನು ತಂದದ್ದು ಮ್ಯೂಸಿಯಮ್ ಸಾಮಾನೇ. ಅಂತರ್ಜಾಲದಲ್ಲಿ ಇಂಥ ಪಟ್ಟಿಗಳು ಬೇಕಾದಷ್ಟಿವೆ. ಅವುಗಳಿಂದ ಎತ್ತಿ ಒಂದು ವಾರ ಬರೆದೆ. ಒಂದು ಪದಕ್ಕೆ ಕುದುರೆಯ ಹಿಂಗಾಲಿನ ಯಾವುದೋ ಕಾಯಿಲೆ ಎಂದು ಅರ್ಥ. ನಮ್ಮ ಪಾರ್ಕಿನಲ್ಲಿ ಕುದುರೆ ಎಲ್ಲಿ? ಏಳೂ ದಿನ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಆಂಟಿ ಕೂಡ ಅರ್ಥ ಕೇಳಿ, "ಹ್ಞೂಂ" ಎಂದು ಸುಮ್ಮನೆ ಲೋಟ ಕೊಟ್ಟರು. ಅಧ್ಯಕ್ಷರು ಬೋರ್ಡಿನ ಮುಂದೆ ನಿಂತು, "ಈಗೀಗ ಯಾರೂ ಓದ್ತಿಲ್ಲ ಅಲ್ವಾ ಸಾರ್?" ಎಂದರು. ಕೊಂಕಿನಿಂದಲ್ಲ, ನಿಜವಾದ ಕಾಳಜಿಯಿಂದ. ಅದು ಇನ್ನೂ ಕಷ್ಟ. ಖಾಲಿ ಬೋರ್ಡಿಗೂ ಯಾರೂ ಓದದ ಬೋರ್ಡಿಗೂ ಏನು ವ್ಯತ್ಯಾಸ? ಆ ವಾರವೆಲ್ಲ ನಾನು ನಾಲ್ಕೂವರೆಗೇ ಎದ್ದು, ಕಣ್ಣು ಬಿಟ್ಟುಕೊಂಡು ಫ್ಯಾನು ನೋಡುತ್ತ, ಮೇಷ್ಟ್ರು ಕೊಟ್ಟ ಮೊದಲ ಪದವನ್ನು ಶ್ರದ್ಧೆಯಿಂದ ಆಚರಿಸಿದೆ.

ಶನಿವಾರ ಮಧ್ಯಾಹ್ನ ಕೆಂಗೇರಿಯಲ್ಲಿ ಹೆಂಡತಿಯ ಕಡೆಯವರ ಗೃಹಪ್ರವೇಶ. ಕಾರಿನಲ್ಲಿ ಹೊರಟೆವು. ನಾಯಂಡಹಳ್ಳಿ ಜಂಕ್ಷನ್ ದಾಟುತ್ತಲೇ ಹಿಂದಿನ ಚಕ್ರ ಪಟಪಟ ಎಂದಿತು. ತಳ್ಳುವಷ್ಟು ದೂರದಲ್ಲೇ ಪಂಕ್ಚರ್ ಅಂಗಡಿ ಇದ್ದದ್ದು ಅದೃಷ್ಟ. ಅಂಗಡಿಯ ಭಾಯಿ ಚಕ್ರ ನೋಡಿ, "ಇದು ಟೈಮ್ ಹಿಡೀತದೆ ಸಾರ್. ಸ್ಟೆಪ್ನಿ ಹಾಕ್ಕೊಂಡ್ ಹೋಗಿ, ಬರೋವಾಗ ಇದನ್ನ ತಗೊಳ್ಳಿ" ಎಂದು ಹಿಂದೆ ಹೋಗಿ ಸ್ಟೆಪ್ನಿ ತೆಗೆದರು. ಹೆಬ್ಬೆರಳಿನಿಂದ ಒಂದು ಸಲ ಒತ್ತಿದರು. ನನ್ನ ಮುಖ ನೋಡಿದರು.

"ಇದ್ರಾಗೂ ಗಾಳಿ ಇಲ್ಲ ಸಾರ್."

ಕಾರಿನೊಳಗೆ ರೇಷ್ಮೆ ಸೀರೆಯಲ್ಲಿ ಬೆವರುತ್ತ ಕೂತಿದ್ದ ನನ್ನ ಹೆಂಡತಿ ಗಾಜು ಇಳಿಸಿದಳು. "ರೀ, ಗ್ಯಾಸ್ ಆಫ್ ಆಗಿದ್ಯಾ ಅಂತ ಮೂರ್ ಸಲ ವಾಪಸ್ ಬಂದ್ರಿ. ನಲ್ಲಿ ನೋಡಿದ್ರಿ. ಬಾಲ್ಕನಿ ಬಾಗ್ಲು ನೋಡಿದ್ರಿ. ಊರಿಗೆಲ್ಲಾ ಪಾಲಿಸಿ ಮಾಡ್ಸೋರು ಸ್ಟೆಪ್ನಿಗೆ ಗಾಳಿ ಹಾಕ್ಸಿಲ್ಲ."

ಇದು ನನ್ನ ಹಳೆಯ ಚಾಳಿ, ಒಪ್ಪಿಕೊಳ್ಳುತ್ತೇನೆ. ದೂರದ ಆಪತ್ತುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹಾಜರಿ ಕರೆಯುತ್ತೇನೆ; ಕಾಲ ಬುಡದಲ್ಲಿರುವುದು ಕೈ ಎತ್ತಿದರೂ ಕಾಣುವುದಿಲ್ಲ.

ಭಾಯಿ ಎರಡೂ ಚಕ್ರಕ್ಕೆ ಉಪಚಾರ ಮಾಡುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಸುತ್ತ ವರ್ಕ್‌ಶಾಪುಗಳು, ಗೋಡೌನುಗಳು. ಬೇರೆ ಕೆಲಸವಿರಲಿಲ್ಲ. 'ಸ್ಟೆಪ್ನಿ' ಎಂಬ ಪದ ಎಲ್ಲಿಯದು ಎಂದು ಫೋನಿನಲ್ಲಿ ಹುಡುಕಿದೆ. ಓದುತ್ತ ಓದುತ್ತ ಎದ್ದು ನಿಂತೆ.

ಅದು ಇಂಗ್ಲಿಷರ ದ್ವೀಪದ ಒಂದು ಬೀದಿಯ ಹೆಸರು. ಮೋಟಾರು ಹೊಸದಾಗಿದ್ದ ಕಾಲದಲ್ಲಿ ಆ ಬೀದಿಯಲ್ಲಿ ಹೆಚ್ಚುವರಿ ಚಕ್ರಗಳನ್ನು ಮಾಡುತ್ತಿದ್ದರು, ಬೀದಿಯ ಹೆಸರೇ ಚಕ್ರದ ಹೆಸರಾಯಿತು. ಆಮೇಲೆ ಅವರು ಅದನ್ನು ಬಿಟ್ಟರು, ಮರೆತರು. ಇವತ್ತು ಅಲ್ಲಿ ಹೋಗಿ 'ನನ್ನ ಸ್ಟೆಪ್ನಿಯಲ್ಲಿ ಗಾಳಿ ಇಲ್ಲ' ಎಂದರೆ, ಅಯ್ಯೋ ಪಾಪ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೇನೋ. ಇಲ್ಲಿ ನಾಯಂಡಹಳ್ಳಿಯಲ್ಲಿ ಅದು ಗ್ರೀಸು ಬಳಿದುಕೊಂಡು ಆರೋಗ್ಯವಾಗಿ ಓಡಾಡಿಕೊಂಡಿದೆ.

"ಭಾಯ್, ನಿಮಗೆ ಗೊತ್ತಾ, ಸ್ಟೆಪ್ನಿ ಅನ್ನೋ ಪದಾನ ಇಂಗ್ಲೆಂಡಿನೋರೇ ಮರ್ತುಬಿಟ್ಟಿದಾರೆ" ಎಂದೆ.

"ಅವ್ರಿಗೆ ಪಂಕ್ಚರ್ ಆಗಲ್ವಾ ಸಾರ್?" ಎಂದರು ಭಾಯಿ, ತಲೆ ಎತ್ತದೆ.

ಮರುದಿನ ಬೋರ್ಡಿನ ಮೇಲೆ 'ಸ್ಟೆಪ್ನಿ' ಎಂದು ಬರೆದು, ಕೆಳಗೆ ಅದರ ಕಥೆಯನ್ನು ಎರಡು ಸಾಲಿನಲ್ಲಿ ಹಾಕಿದೆ. ಮೊದಲು ಬಂದ ರೈಲ್ವೇಯವರು, "ಇದೇನ್ ಸಾರ್, ಅಪರೂಪದ ಪದ ಅಂದ್ಬುಟ್ಟು ನಮ್ ಗಾಡೀಲಿರೋ ಸಾಮಾನು ಬರ್ದಿದೀರಾ" ಎಂದು ನಕ್ಕರು. ಪೂರ್ತಿ ಓದಿದ ಮೇಲೆ ನಗು ನಿಲ್ಲಿಸಿದರು. "ಹಂಗಾದ್ರೆ ಹೋಲ್ಡಾಲ್?" ಎಂದರು. ಹಾಸಿಗೆ, ದಿಂಬು, ಚಪ್ಪಲಿ ಎಲ್ಲವನ್ನೂ ಸುತ್ತಿ ಪಟ್ಟಿ ಬಿಗಿದು ರೈಲಿಗೆ ಹಾಕುತ್ತಿದ್ದ ಆ ಗಂಟು. "ನಮ್ ಅಟ್ಟದ ಮೇಲೆ ಇನ್ನೂ ಇದೆ. ಆ ಥರದ್ದು ಅವ್ರ ಹತ್ರ ಇದ್ಯಾ ಈಗ?"

ಅಲ್ಲಿಂದ ಪದ ಹುಡುಕುವ ಕೆಲಸ ನನ್ನ ಕೈತಪ್ಪಿಹೋಯಿತು. ಹೋಲ್ಡಾಲ್ ಬಂತು. ಸೋಫಾ ಹೊಲಿಯುವವರೊಬ್ಬರು 'ರೆಕ್ಸಿನ್' ಎಂಬ ಪದ ತಂದರು. ಆಂಟಿ ನನ್ನ ಮುಂದೆ ಲೋಟ ಹಿಡಿದು, "ಸಾರ್, ಟಿಫನ್ ಅನ್ನೋದು ಕನ್ನಡ ತಾನೇ?" ಎಂದು ಕೇಳಿ, ಅಲ್ಲ ಎಂದು ಗೊತ್ತಾಗಿ, ಇಂಗ್ಲಿಷರು ಅದನ್ನೂ ಹೆಚ್ಚುಕಡಿಮೆ ಬಿಟ್ಟುಬಿಟ್ಟಿದ್ದಾರೆ ಎಂದು ತಿಳಿದು, "ಮತ್ತೆ ಬೆಳಿಗ್ಗೆ ಏನು ತಿಂತಾರೆ!" ಎಂದು ಗಾಬರಿಯಾದರು. ಮೂರು ಜನ ಬಳಸಬೇಕೆಂಬ ನಿಯಮಕ್ಕೆ ಅರ್ಥವೇ ಉಳಿಯಲಿಲ್ಲ. ಈ ಪದಗಳನ್ನು ಬಳಸದೆ ಇರುವವರನ್ನು ಹುಡುಕಬೇಕಿತ್ತು.

ನನಗೆ ಅದೇ ಹೊಸ ಚಿಂತೆ. ಮೇಷ್ಟ್ರು ಏನೆಂದಾರು? ಸ್ಟೆಪ್ನಿಯ ಫೋಟೋ ಕಳಿಸಿದ ದಿನ ಟಿಕ್ ಬರಲಿಲ್ಲ. ಫೋನೇ ಬಂತು.

"ಇದು ಮರೆತ ಪದನೇನಯ್ಯಾ? ನಿನ್ನೆ ತಾನೇ ನಮ್ಮ ಆಟೋದವ್ನು ಅಂದ."

"ಅಲ್ಲಿ ಮರ್ತಿದಾರೆ ಸಾರ್. ಇಲ್ಲಿ..."

"ಗೊತ್ತು, ಓದ್ದೆ." ಆ ಕಡೆಯಿಂದ ಫಿಸಿಯೋದವರು 'ಮಡಚಿ, ಇನ್ನೂ ಸ್ವಲ್ಪ ಮಡಚಿ' ಎನ್ನುವುದು ಕೇಳಿಸುತ್ತಿತ್ತು. "ಹನ್ನೊಂದು ವರ್ಷ ನಾನು ಡಿಕ್ಷನರಿಲೇ ತಡಕಾಡ್ತಿದ್ದೆ ಕಣೋ. ಅಯ್ಯಮ್ಮಾ, ನಿಧಾನ!... ಮುಂದುವರ್ಸು ನೀನು." ಎರಡು ಗಂಟೆ ತಡವಾಗಿ ಟಿಕ್ ಬಂತು.

ಕೊನೆಯ ವಾರದ ಒಂದು ದಿನ, ಇಬ್ಬನಿ ಬೀಳುತ್ತಿದ್ದ ಬೆಳಿಗ್ಗೆ, ಬೋರ್ಡಿನ ಹತ್ತಿರ ನನಗಿಂತ ಮೊದಲೇ ಅಧ್ಯಕ್ಷರು ಮಂಕಿಕ್ಯಾಪ್ ಹಾಕಿಕೊಂಡು ನಿಂತಿದ್ದರು. ಹಿಂದಿನ ದಿನದ ಪದವನ್ನು ನಾನು ಸಂಜೆಯೇ ಅಳಿಸಿಟ್ಟಿದ್ದೆ. ಬೋರ್ಡು ಖಾಲಿ. "ಇನ್ನೂ ಆರಾಗಿಲ್ಲ ಸಾರ್, ಐದು ಐವತ್ತೇಳು" ಎಂದು ಕೈಗಡಿಯಾರ ತೋರಿಸಿದೆ.

"ಏ, ಅದಕ್ಕಲ್ಲ ಸಾರ್." ಅವರು ಟೋಪಿಯನ್ನು ಹಣೆಯ ಮೇಲಕ್ಕೆ ಸರಿಸಿದರು. "ಡಿಕ್ಕಿ. ಕಾರಿನ ಹಿಂದೆ ಸಾಮಾನಿಡೋ ಡಿಕ್ಕಿ, ಬರೆದಿದೀರಾ?"

"ಇಲ್ಲ."

"ನಮ್ಮ ಮೊಮ್ಮಗಳು ಅದನ್ನ ಬೂಟ್ ಅಂತಾಳೆ. ಕಾಲಿಗೆ ಹಾಕ್ಕೊಳೋದನ್ನ ಕಾರಿಗೆ ಅಂತಾಳಲ್ಲ ಅಂತ ನಾನು ಬೈತಿದ್ದೆ. ನಿನ್ನೆ ಅವಳೇ ಫೋನಲ್ಲಿ ನೋಡಿ ಹೇಳಿದ್ಲು, ಡಿಕ್ಕಿ ಅನ್ನೋದೇ ಅವ್ರ ಹಳೇ ಮಾತಂತೆ, ಅವ್ರು ಬಿಟ್ರಂತೆ." ಅವರ ದನಿ ಸ್ವಲ್ಪ ಬದಲಾಯಿತು. "ನಮ್ಮಪ್ಪ ಸುಂಕದಕಟ್ಟೆ ತೋಟದಿಂದ ಮಾರ್ಕೆಟ್ಟಿಗೆ ಸೊಪ್ಪು ಹಾಕ್ಕೊಂಡ್ ಹೋಗ್ತಿದ್ದು ಡಿಕ್ಕೀಲೇ ಸಾರ್. ಹಳೇ ಕಪ್ಪು ಕಾರು. ನಾನು ಸಣ್ಣವನು, ಹಿಂದೆ ಸೊಪ್ಪಿನ ಮೇಲೇ ಕೂತ್ಕೋತಿದ್ದೆ. ಆ ಕಾರಿಗೆ ಕೊನೇವರ್ಗೂ ಕೊತ್ತಂಬ್ರಿ ವಾಸ್ನೆ ಹೋಗ್ಲಿಲ್ಲ. ಬರೀರಿ. ದೊಡ್ಡದಾಗಿ ಬರೀರಿ."

ನಾನು ಬರೆದೆ. ಅಳಿಸಿದೆ. ಮತ್ತೆ, ಇನ್ನೂ ದೊಡ್ಡದಾಗಿ ಬರೆದೆ. ಅವರು ಹಿಂದೆ ನಿಂತು ಸೊಟ್ಟಗಿದೆಯೇ ಎಂದು ನೋಡಿದರು. ಹೋಗುವಾಗ, "ಎಲ್‌ಇಡಿನ ಹಿಂದಿನ ಗೇಟಿಗೆ ಹಾಕ್ಸೋಣ ಬಿಡಿ ಸಾರ್. ಯೋಗ ಕ್ಲಾಸ್ ಟೈಮು, ರಕ್ತದಾನ ಶಿಬಿರ, ಅಂಥದ್ದು ಬರ್ಲಿ ಅದ್ರಲ್ಲಿ" ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಆದ್ರೆ ಮಾತು ಮಾತೇ. ಮೇಷ್ಟ್ರು ಬಂದು ಕೈಯಾರೆ ಒಂದು ಪದ ಬರೀಲಿ. ಅಲ್ಲೀವರ್ಗೂ ಖಾಲಿ ಬಿಡ್ಬೇಡಿ" ಎಂದರು.

ಬಿಡಲಿಲ್ಲ. ಅರವತ್ತಮೂರು ದಿನ ಬಿಡಲಿಲ್ಲ.

ಅರವತ್ತನಾಲ್ಕನೇ ದಿನ ಭಾನುವಾರ. ಮೇಷ್ಟ್ರು ಬರುವ ದಿನ. ಹಿಂದಿನ ದಿನವೆಲ್ಲ ನನಗೆ ಇದೇ ಯೋಚನೆ. ಆಟೋ ಗೇಟಿನ ಒಳಗೆ ಬರುತ್ತದೋ ಇಲ್ಲವೋ ಎಂದು ಗೇಟಿನ ಅಗಲವನ್ನು ಟೇಪಿನಲ್ಲಿ ಅಳೆದೆ. ಕಲ್ಲುಹಾಸು ಎದ್ದಿದ್ದ ಕಡೆ ಇಟ್ಟಿಗೆ ಚೂರು ತುಂಬಿಸಿದೆ. ಕೈ ಇರುವ ಕುರ್ಚಿಯೊಂದನ್ನು ಮನೆಯಿಂದ ತಂದೆ. ಬಿಸಿನೀರಿನ ಫ್ಲಾಸ್ಕು, ನೋವಿನ ಸ್ಪ್ರೇ, ಎರಡು ಛತ್ರಿ, ತೊಳೆದ ಡಸ್ಟರು, ಅದು ಕಳೆದರೆ ಇರಲೆಂದು ಇನ್ನೊಂದು ಡಸ್ಟರು. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದ್ದೆ. ಅಷ್ಟು ಕಪ್ಪಾಗಿ ಅದು ಹನ್ನೊಂದು ವರ್ಷದಲ್ಲಿ ಎಂದೂ ಇರಲಿಲ್ಲ.

ಆರೂವರೆಗೆ ಮೇಷ್ಟ್ರು ಬಂದರು. ವಾಕರ್ ಹಿಡಿದು, ಒಂದೊಂದೇ ಹೆಜ್ಜೆ. ಯಾರೂ ಕೈ ಹಿಡಿಯಲು ಬಿಡಲಿಲ್ಲ. ಆಂಟಿ ಜ್ಯೂಸಿನ ಲೋಟ ಹಿಡಿದು ನಿಂತಿದ್ದರು. ಇಂಜಿನಿಯರು, ರೈಲ್ವೇಯವರು, ಅಧ್ಯಕ್ಷರು, ಎಲ್ಲರೂ ಸುತ್ತ. ಬೋರ್ಡಿನ ಮುಂದೆ ಮೇಷ್ಟ್ರು ನಿಂತರು. ಕುರ್ಚಿ ಬೇಡ ಎಂದರು. ಹೊಸ ಮಂಡಿಗಳ ಮೇಲೆ ನೆಟ್ಟಗೆ ನಿಂತು, ಬೋರ್ಡನ್ನು ಮೇಲಿಂದ ಕೆಳಗೆ ನೋಡಿ, ಹಿಂದೆ ತಿರುಗದೆ ಬಲಗೈ ಚಾಚಿದರು. ಕ್ಲಾಸಿನಲ್ಲಿ ಮೇಷ್ಟ್ರುಗಳು ಚಾಚುತ್ತಾರಲ್ಲ, ಹಾಗೆ.

"ಚಾಕ್‌ಪೀಸ್ ಕೊಡಯ್ಯ."

ನಾನು ಡಬ್ಬಿ ತೆರೆದೆ. ತಳದಲ್ಲಿ ಒಂದಿಷ್ಟು ಬಿಳಿ ಪುಡಿ ಇತ್ತು. ಮೂಲೆಯಲ್ಲಿ ಅವರೆಕಾಳಿನಷ್ಟು ಒಂದು ಚೂರು. ಹಿಡಿಯಹೋದರೆ ಅದೂ ಪುಡಿಯಾಯಿತು. ನಿನ್ನೆ ಬರೆದು ಅಳಿಸಿ ಬರೆದದ್ದು ಕೊನೆಯದಾಗಿತ್ತು.

ಮೇಷ್ಟ್ರು ತಿರುಗಿ ಡಬ್ಬಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎಲ್ಲರೂ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಖಾಲಿ ಬೋರ್ಡನ್ನು ಒಂದು ಸಲ ನೋಡಿ, "ನಿಂತಿರಿ ಮೇಷ್ಟ್ರೇ, ಎದುರುಗಡೆ ಟ್ಯೂಷನ್ ಮನೇಲಿ ಇರುತ್ತೆ, ಎಬ್ಬಿಸಿ ತರ್ತೀನಿ" ಎಂದವರೇ ಮಂಕಿಕ್ಯಾಪ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಗೇಟಿನ ಕಡೆ ಓಡಿದರು. ಅವರು ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಮೇಷ್ಟ್ರು ಕುರ್ಚಿಯ ಮೇಲೆ ಕೂತರು. ಎರಡೂ ಡಸ್ಟರುಗಳನ್ನು, ಎರಡೂ ಛತ್ರಿಗಳನ್ನು, ಫ್ಲಾಸ್ಕನ್ನು, ಸ್ಪ್ರೇಯನ್ನು ಒಂದೊಂದಾಗಿ ನೋಡಿದರು.

"ಸ್ಟೆಪ್ನಿ ಇಟ್ಟಿಲ್ವೇನಯ್ಯಾ?" ಎಂದರು.

ಇಟ್ಟಿರಲಿಲ್ಲ.